ಈ ಬೇಸಿಗೆ ಸಂಡಿಗೆ ಹಾಕಲಿಲ್ಲ

ಈ ಬೇಸಿಗೆ ನಮ್ಮನೇಲಿ ಸಂಡಿಗೆ ಹಾಕಲಿಲ್ಲ. ಹಪ್ಪಳನೂ ಇಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರೂ ಕೇಳಿದ್ರು, "ಏನಕ್ಕ, ಇಂಥಾ ಬಿಸ್ಲು ಬಿದ್ದೈತೆ, ಬೆಳಿಗ್ಗೆ ಹಾಕಿದ್ದು ಸಂಜೆಗೆ ಗರಿಗರಿ ಆಗ್ತದೆ, ನಿಮ್ ಮಾಳಿಗೆ ಖಾಲಿ ಬಿದ್ದದಲ್ಲ?" ಅಂತ. ಆಗ ಏನೋ ಒಂದು ಹೇಳಿ ತಪ್ಪಿಸ್ಕೊಂಡೆ. ನಿಜವಾದ ಕಾರಣ ಈಗ ಬರೀತೀನಿ. ಓದಿ ನಗಬೇಡಿ. ನಕ್ರೂ ನನ್ನ ಎದುರಿಗೆ ನಗಬೇಡಿ.

2024ರ ಬೇಸಿಗೆ ಹೆಂಗಿತ್ತು ಅಂತ ಅರಸೀಕೆರೆಯವರಿಗೆ ಹೇಳಬೇಕಾಗಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ನಲ್ಲಿ ನೀರು ಬಂದ ದಿನ ಹಬ್ಬ. ತೆಂಗಿನ ಗರಿ ಜೋತು ಬಿದ್ದಿದ್ದವು. ಅಂಥಾದ್ರಲ್ಲಿ ಮಗಳು ತನ್ನ ಮಗಳನ್ನ ರಜಕ್ಕೆ ತಂದು ಬಿಟ್ಟು ಹೋದಳು. ಒಂಬತ್ತು ವರ್ಷದ ಹುಡುಗಿ. ಎರಡು ದಿನ ಟಿವಿ, ಎರಡು ದಿನ ನನ್ನ ಫೋನು, ಐದನೇ ದಿನ ಹಿತ್ತಲಿನ ಕೊಟ್ಟಿಗೆ ಜಾಲಾಡಿ ಒಂದು ಸೈಕಲ್ ಎಳ್ಕೊಂಡು ಬಂದ್ಲು.

ಆ ಸೈಕಲ್ಲು ಅವಳಮ್ಮಂದು. ಸರ್ಕಾರಿ ಹೈಸ್ಕೂಲಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋದು 2006-07ರಲ್ಲಿ ಶುರುವಾಯ್ತಲ್ಲ, ಆ ಮೊದಲನೇ ವರ್ಷವೇ ಸಿಕ್ಕಿದ್ದು. ಅವಳು ಕಾಲೇಜು ಮುಗಿಸಿ ಮದುವೆ ಆಗಿ ಹೋದ ಮೇಲೆ ಅದರ ಮೇಲೆ ಸೋಗೆ, ಮಟ್ಟೆ, ಹಳೇ ಗೋಣಿಚೀಲ ಎಲ್ಲಾ ಪೇರಿಸಿದ್ವಿ. ಟಯರು ಎರಡೂ ಚಪ್ಪಟೆ, ಚೈನು ತುಕ್ಕು. ಬೆಲ್ಲು ಮಾತ್ರ ಒಂದ್ಸಲ ಒತ್ತಿದ್ದೇ ಟ್ರಿಣ್ ಅಂತು. ಆ ಬೆಲ್ಲು ಸರ್ಕಾರದ್ದಲ್ಲ, ನಮ್ಮಪ್ಪಂದು. ಮೊಮ್ಮಗಳಿಗೆ ಸೈಕಲ್ ಬಂತು ಅಂತ ಗೊತ್ತಾಗಿ ನೋಡೋಕೆ ಬಂದೋರು, ಅದರ ಬೆಲ್ಲಿನ ಸದ್ದು ಕೇಳಿ "ಇದೇನಿದು ಕಪ್ಪೆ ವಟಗುಟ್ಟಿದಂಗೆ" ಅಂದಿದ್ರು. ಮುಂದಿನ ಸಲ ಬರುವಾಗ ತಮ್ಮ ಅಟ್ಲಾಸ್ ಸೈಕಲ್ಲಿನ ಬೆಲ್ಲನ್ನ ಬಿಚ್ಚಿ ಟವೆಲ್ಲಲ್ಲಿ ಕಟ್ಕೊಂಡು ತಂದು, ತಾವೇ ಕೂತು ಸ್ಪ್ಯಾನರಲ್ಲಿ ಹಾಕಿ ಕೊಟ್ರು. ಅಪ್ಪ ತೀರ್ಕೊಂಡ ಮೇಲೆ ಅಟ್ಲಾಸ್ ಗುಜರಿಗೆ ಹೋಯ್ತು. ಬೆಲ್ಲು ನಮ್ಮಲ್ಲೇ ಉಳೀತು.

ಅಂಗಡಿಗೆ ಕೊಟ್ಟು ಟ್ಯೂಬು, ಟಯರು, ಬ್ರೇಕು ಎಲ್ಲಾ ಹೊಸದು ಹಾಕಿಸಿದ್ವಿ. ಮೊಮ್ಮಗಳಿಗೆ ಕಾಲು ನೆಲಕ್ಕೆ ಎಟುಕೋದಿಲ್ಲ. ಅತ್ತು, ರಚ್ಚೆ ಹಿಡಿದು, ಆಮೇಲೆ ನನ್ನ ಮುಖ ನೋಡಿ "ಅಜ್ಜಿ, ನೀನೇ ತುಳಿ, ನಾನು ಹಿಂದೆ ಕೂರ್ತೀನಿ" ಅಂದ್ಲು.

"ನಂಗೆ ಬರಲ್ಲ ಕಣವ್ವ."

"ಯಾಕ್ ಬರಲ್ಲ?"

ಯಾಕೆ ಬರಲ್ಲ ಅನ್ನೋದಕ್ಕೆ ಒಂಬತ್ತು ವರ್ಷದ ಮಗೂಗೆ ಏನು ಹೇಳೋದು. ನಮ್ಮ ತವರು ಹಳೇಬೀಡಿನ ಹತ್ತಿರದ ಒಂದು ಹಳ್ಳಿ. ಅಪ್ಪ ತೋಟದ ವೀಳ್ಯದೆಲೆನ ಸೈಕಲ್ಲಿಗೆ ಕಟ್ಕೊಂಡು ಬೇಲೂರಿನ ಸಂತೆಗೆ ಹೋಗೋರು. ಹಳೇಬೀಡಿಂದ ಬೇಲೂರಿಗೇ 16 ಕಿಲೋಮೀಟರು, ಹೋಗಿ ಬಂದ್ರೆ ಎರಡರಷ್ಟು. ನನ್ನನ್ನ ಮುಂದೆ ಬಾರ್ ಮೇಲೆ, ಅಕ್ಕನ್ನ ಹಿಂದೆ ಕ್ಯಾರಿಯರ್ ಮೇಲೆ ಕೂರಿಸ್ಕೊಂಡು ದ್ವಾರಸಮುದ್ರದ ಕೆರೆ ಏರಿ ಮೇಲೆ ಕರ್ಕೊಂಡು ಹೋಗಿದ್ದು ಎಷ್ಟೋ ಸಲ. ಆದ್ರೆ ಹ್ಯಾಂಡಲ್ ಮುಟ್ಟೋ ಹಂಗಿರಲಿಲ್ಲ. ತಮ್ಮ ಆರನೇ ಕ್ಲಾಸಿಗೇ ಬಾರಿನ ಕೆಳಗೆ ಕಾಲು ತೂರಿಸಿ ತುಳಿಯೋದು ಕಲಿತ. ನಾವು ನೋಡಿದ್ವಿ. ಅಷ್ಟೇ. ಅಪ್ಪ ಕೆಟ್ಟೋರಲ್ಲ, ಆಗ ಹಂಗಿತ್ತು.

ಮೊಮ್ಮಗಳು ಫೋನಲ್ಲಿ ಒಂದು ವಿಡಿಯೋ ಹುಡುಕಿ ತೋರಿಸಿದ್ಲು. ದೊಡ್ಡೋರು ಸೈಕಲ್ ಕಲಿಯೋ ಬಗೆ. ಹಿಂದೆ ಯಾರೂ ಹಿಡ್ಕೊಳ್ಳೋ ಹಂಗೇ ಇಲ್ಲ! ಪೆಡಲ್ ಎರಡನ್ನೂ ಬಿಚ್ಚಿಬಿಡೋದು, ಸೀಟು ಕೆಳಗಿಳಿಸೋದು, ಎರಡೂ ಪಾದ ನೆಲಕ್ಕೆ ಊರಿ ನೂಕ್ಕೊಂಡು ನೂಕ್ಕೊಂಡು ಹೋಗೋದು. ಕಾಲೆತ್ತಿ ನಾಲ್ಕು ಮಾರು ತೇಲೋಕೆ ಬಂದ ಮೇಲೆ ಪೆಡಲ್ ಹಾಕೋದು. ಎಡಕ್ಕೆ ವಾಲಿದ್ರೆ ಹ್ಯಾಂಡಲ್ಲನ್ನ ಎಡಕ್ಕೇ ತಿರುಗಿಸಬೇಕು. ಇದು ಮಾತ್ರ ನನ್ನ ತಲೆಗೆ ಹತ್ತೋಕೆ ಎರಡು ದಿನ ಬೇಕಾಯ್ತು. ಬೀಳೋ ಕಡೆಗೇ ತಿರುಗಿಸು ಅಂದ್ರೆ ಯಾವ ಕೈ ಒಪ್ಪುತ್ತೆ ಹೇಳಿ.

ಬೆಳಿಗ್ಗೆ ಐದೂವರೆಗೆ, ಇನ್ನೂ ಮಬ್ಬು ಇರುವಾಗಲೇ, ಮಗಳ ಹಳೇ ಚೂಡಿದಾರ್ ಹಾಕ್ಕೊಂಡು ಮೈದಾನಕ್ಕೆ ಹೋಗೋದು. ಮೊಮ್ಮಗಳು ಮೇಷ್ಟ್ರು. "ಮುಂದೆ ನೋಡು ಅಜ್ಜಿ, ಚಕ್ರ ನೋಡಬೇಡ!" ಅಂತ ಗದರೋಳು. ನಮ್ಮನೆಯವರು ಮೊದಲನೇ ದಿನ ಕಾಫಿ ಲೋಟ ಹಿಡ್ಕೊಂಡು ನಿಂತು, "ಈ ವಯಸ್ಸಲ್ಲಿ ಮೂಳೆ ಮುರ್ಕೊಂಡ್ರೆ ಆಸ್ಪತ್ರೆಗೆ ಅದೇ ಸೈಕಲ್ ಮೇಲೆ ಹೋಗು, ನಾನಂತೂ ಬರಲ್ಲ" ಅಂದ್ರು. ನಾಲ್ಕನೇ ದಿನ ಮಂಡಿ ತರಚಿ ಬಂದಾಗ ಅರಿಶಿನ ಹಚ್ಚಿದೋರೂ ಅವರೇ. ಹನ್ನೊಂದನೇ ದಿನ ನಾನು ಮೈದಾನ ಒಂದು ಸುತ್ತು ಪೂರ್ತಿ ಹಾಕಿದೆ. ಹಾಲಿನವನು ಗಾಡಿ ನಿಲ್ಲಿಸಿ ನೋಡ್ತಾ ನಿಂತಿದ್ದ. ನಾಚಿಕೆ ಆಗಲಿಲ್ಲ. ಬೆಲ್ಲು ಹೊಡೆದೆ, ಸರಿದ.

ಆ ವಾರವೇ ತಮ್ಮನ ಮಗ ಬೆಂಗಳೂರಿಂದ ಬಂದ. ಇಂಜಿನಿಯರಿಂಗ್ ಓದ್ತಿದಾನೆ. ಅವನಿಗೆ ಹಳೇ ಕಾಲದ ಸಾಮಾನಿನ ಹುಚ್ಚು. ಒಂದು ವಾಕ್‌ಮನ್ ಯಾರದೋ ಅಟ್ಟದಿಂದ ತಂದು, ಒಳಗಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿತ್ತಂತೆ, ಅದನ್ನ ಕೆರೆದು ಹೊಸಾ ಬೆಲ್ಟು ಹಾಕಿ ಓಡೋ ಹಂಗೆ ಮಾಡಿದ್ದ. ನಮ್ಮನೇಲಿದ್ದ ದಾಸರ ಪದದ ಕ್ಯಾಸೆಟ್ಟೆಲ್ಲಾ ಹಾಕಿ ಹಾಕಿ ಕೇಳಿದ್ದೇ ಕೇಳಿದ್ದು. ನಮ್ಮ ಕಾಲದಲ್ಲಿ ಟೇಪು ಸಿಕ್ಕಾಕ್ಕೊಂಡ್ರೆ ಪೆನ್ಸಿಲ್ ತೂರಿಸಿ ಸುತ್ತೋದನ್ನ ನಾನು ತೋರಿಸಿಕೊಟ್ಟೆ. ಅವನಿಗೆ ಅದು ದೊಡ್ಡ ವಿದ್ಯೆ ಥರ ಕಾಣ್ತು.

ಅವನು ನನಗೂ ಒಂದು ಹುಚ್ಚು ಹತ್ತಿಸಿದ. ನಮ್ಮ ಶುಕ್ರವಾರದ ಭಜನೆ ನಿಮಗೆಲ್ಲಾ ಗೊತ್ತು. ಶುರು ಮಾಡೋರು ಎಲ್ಲಿ ಎತ್ತುಕೊಂಡ್ರೆ ಅಲ್ಲೇ ಶ್ರುತಿ, ಮೇಲಕ್ಕೆ ಹೋದಾಗ ಅರ್ಧ ಜನ ಬಾಯಿ ಆಡಿಸ್ತೀವಿ ಅಷ್ಟೇ. ಅವನು ನನ್ನ ಫೋನಿಗೆ ತಂಬೂರಿ ಆಪ್ ಹಾಕಿಕೊಟ್ಟ. ನಾನು ಪಿಯುಸಿ ಓದುವಾಗ ಬೇಲೂರಲ್ಲಿ ಒಬ್ಬರು ಮೇಷ್ಟ್ರ ಹತ್ತಿರ ಎರಡು ವರ್ಷ ಸಂಗೀತಕ್ಕೆ ಹೋಗಿದ್ದೆ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಪಿಳ್ಳಾರಿ ಗೀತೆ ಅಲ್ಲಿಗೆ ಬಂದು ನಿಂತೆ. ಪರೀಕ್ಷೆ ಮುಗೀತು, ಮದುವೆ ಆಯ್ತು. ಈಗ ಮೂವತ್ತೈದು ವರ್ಷದ ಮೇಲೆ ಅಡುಗೆಮನೇಲಿ ಫೋನನ್ನ ಡಬ್ಬಕ್ಕೆ ಒರಗಿಸಿ ಮಾಯಾಮಾಳವಗೌಳದಲ್ಲಿ ಸರಿಗಮ ಎಳೆದೆ. ಐದು ಮನೆ ಶ್ರುತಿಗೆ ಇಟ್ರೆ ಗಂಟಲು ಕೂರುತ್ತೆ, ಆರಕ್ಕೆ ಇಟ್ರೆ ಮೇಲಿನ ಷಡ್ಜದಲ್ಲಿ ಕೋಳಿ ಕತ್ತು ಹಿಚುಕಿದಂಗೆ ಆಗುತ್ತೆ. ಈ ಐದು-ಆರರ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಒಂದಿನ ಊಟ ಬಡಿಸ್ತಿರುವಾಗ ಆ ಹುಡುಗ ಕೇಳಿದ. "ಅತ್ತೆ, ನಮ್ಮಜ್ಜಿ ಹಾಡ್ತಿದ್ರಂತೆ, ಹೌದಾ?"

ಅವನು ಅಜ್ಜಿನ ನೋಡಿಲ್ಲ. ಅವ್ವ ಹೋಗಿದ್ದು 1994ರಲ್ಲಿ. ಅವನು ಹುಟ್ಟೋಕೆ ಹತ್ತು ವರ್ಷ ಮುಂಚೆ.

ಅವ್ವ ಹಾಡ್ತಿದ್ದಳು. ಮದುವೆಮನೇಲಿ ಸೋಬಾನೆ ಅಂದ್ರೆ ಅವಳನ್ನೇ ಕೂಗೋರು. ಸುತ್ತ ಮೂರು ಹಳ್ಳಿಯಿಂದ ಗಾಡಿ ಕಟ್ಕೊಂಡು ಬಂದು ಕರ್ಕೊಂಡು ಹೋಗಿದಾರೆ. ಮಿಲ್ಲು ಬಂದು ಎಷ್ಟೋ ವರ್ಷ ಆದ್ರೂ ಹುರಿಹಿಟ್ಟು ಮಾತ್ರ ಬೀಸೋ ಕಲ್ಲಲ್ಲೇ ಬೀಸಬೇಕು ಅವಳಿಗೆ. ಬೀಸೋಕೆ ಕೂತ್ರೆ ಪದ ತಾನಾಗಿ ಬರೋದು. ನಾನು ಎದುರಿಗೆ ಕೂತು ಗೂಟ ಹಿಡೀತಿದ್ದೆ, ಜೊತೆಗೆ ಹಾಡ್ತಿದ್ದೆ.

ಅಕ್ಕನ ಮದುವೆ ಆದ ಹೊಸದರಲ್ಲಿ ಭಾವ ಒಂದು ಟೇಪ್ ರೆಕಾರ್ಡರ್ ತಂದಿದ್ರು. ಸೆಲ್ಲು ಹಾಕಿ ಓಡಿಸೋದು. ಹಬ್ಬಕ್ಕೆ ಬಂದಾಗ ನಮ್ಮನೇಲಿ ಎರಡು ದಿನ ಇತ್ತು. 1987. ನಾನು ಒಂದು ಖಾಲಿ ಕ್ಯಾಸೆಟ್ ಹಾಕಿ, ಅವ್ವ ಬೀಸುವಾಗ ಪಕ್ಕದಲ್ಲಿಟ್ಟು ಕೆಂಪು ಗುಂಡಿ ಒತ್ತಿದೆ. ಅವ್ವನ ಧ್ವನಿ ಅಂತ ಈ ಭೂಮಿ ಮೇಲೆ ಇರೋದು ಅದೊಂದೇ.

ಆ ಕ್ಯಾಸೆಟ್ ಬೇಲೂರಲ್ಲಿ ಅಕ್ಕನ ಮನೇಲಿತ್ತು. ಟೇಪ್ ರೆಕಾರ್ಡರ್ ಭಾವಂದು, ಜೊತೇಲೇ ಹೋಯ್ತು. ಅವ್ವ ಹೋದ ಮೇಲೆ ನಾನು ಕೇಳಿದೆ. "ತಂದುಕೊಡ್ತೀನಿ" ಅಂದ್ಲು. ಆಮೇಲೆ ಕೇಳಿದೆ, "ಎಲ್ಲಿ ಮಡಗಿದೀನೋ ಗ್ಯಾನ ಇಲ್ಲ" ಅಂದ್ಲು. 2006ರಲ್ಲಿ ಅಪ್ಪನ ಎದುರಿಗೇ ಕೇಳಿದ್ದಕ್ಕೆ "ಸುಮ್ಕಿರೆ, ನಿಂಗೊಬ್ಬಳಿಗೇ ಅವ್ವನಾ?" ಅಂತ ಎದ್ದು ಹೋದ್ಲು. ಆಮೇಲೆ ಕೇಳಲಿಲ್ಲ. ಅಕ್ಕನೂ ನಾನೂ ವಾರಕ್ಕೆರಡು ಸಲ ಫೋನಲ್ಲಿ ಮಾತಾಡ್ತೀವಿ. ಬೇಳೆ ರೇಟು, ಸೊಸೆ ಸುದ್ದಿ, ಮಂಡಿನೋವು, ಯಾರು ಸತ್ರು, ಯಾರು ಹೆತ್ರು, ಎಲ್ಲಾ. ಅದೊಂದು ಬಿಟ್ಟು. ಹದಿನೆಂಟು ವರ್ಷ ನಮ್ಮ ಮಧ್ಯೆ ಆ ಕ್ಯಾಸೆಟ್ ಗೋಡೆ ಥರ ನಿಂತಿತ್ತು ಅಂದ್ರೆ ಜಾಸ್ತಿ ಆಯ್ತು. ಹೊಸ್ತಿಲ ಥರ ಅನ್ನಿ, ಎಡವದಂಗೆ ದಾಟ್ಕೊಂಡು ಓಡಾಡ್ತಿದ್ವಿ.

ಹುಡುಗನಿಗೆ ಇದೆಲ್ಲಾ ಗೊತ್ತಿಲ್ಲ. "ದೊಡ್ಡತ್ತೆ ಹತ್ರ ಇದ್ಯಂತೆ ಅಲ್ವಾ, ಫೋನ್ ಮಾಡ್ಲಾ?" ಅಂದೋನೇ ನಾನು ಬೇಡ ಅನ್ನೋದರೊಳಗೆ ಮಾಡೇ ಬಿಟ್ಟ. ಅಕ್ಕ ಏನಂದಳೋ ನಂಗೆ ಕೇಳಿಸಲಿಲ್ಲ. ಇವನು ಇಟ್ಟು, "ಬಾ ಅಂದ್ರು. ಆದ್ರೆ ಕ್ಯಾಸೆಟ್ನ ಮನೆಯಿಂದಾಚೆ ಕಳ್ಸಲ್ವಂತೆ, ಅಲ್ಲೇ ಬಂದು ಏನ್ ಮಾಡ್ಕೋತೀರೋ ಮಾಡ್ಕೊಳಿ ಅಂದ್ರು" ಅಂದ. ನಂಗೆ ಸಿಟ್ಟು ಬಂತು. ಇವನು ಕೇಳಿದ್ರೆ ಗ್ಯಾನ ಬಂದುಬಿಡ್ತಾ ಎಲ್ಲಿ ಮಡಗಿದೀನಿ ಅಂತ?

ಯುಗಾದಿ ಕಳೆದು, ಚೆನ್ನಕೇಶವನ ತೇರಿನ ಜನಜಂಗುಳಿ ಎಲ್ಲಾ ಇಳಿದ ಮೇಲೆ ಹೊರಟ್ವಿ. ಜಾವಗಲ್, ಹಳೇಬೀಡು ಮೇಲೆ ಹೋಗೋ ಸರ್ಕಾರಿ ಬಸ್ಸು. ನಂಗೂ ಮೊಮ್ಮಗಳಿಗೂ ಶೂನ್ಯ ಟಿಕೆಟ್ಟು, ಹುಡುಗನಿಗೆ ಮಾತ್ರ ದುಡ್ಡು. ಶಕ್ತಿ ಯೋಜನೆ ಬಂದಾಗಿಂದ ಗಂಡುಮಕ್ಕಳ ಮುಖ ನೋಡಬೇಕು ಬಸ್ಸಲ್ಲಿ! ಜಾವಗಲ್ ಬಂದಾಗ ಹುಡುಗ "ಜಾವಗಲ್ ಶ್ರೀನಾಥ್!" ಅಂತ ಎದ್ದು ನೋಡಿದ. ಎಲ್ಲಾ ಗಂಡುಹುಡುಗರೂ ಇದೇ ಮಾಡೋದು. ಅಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹನ ಗುಡಿ ಇದೆ ಅಂತ ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಹಳೇಬೀಡಲ್ಲಿ ಬಸ್ ನಿಂತಾಗ ನಾನು ಕಿಟಕಿ ಕಡೆ ತಿರುಗಿ ಕೂತೆ. ತವರುಮನೆ ಮಾರಿ ಆಗಿದೆ. ಅಲ್ಲಿಂದ ಬೇಲೂರಿನ ದಾರಿ ಉದ್ದಕ್ಕೂ ಏರು ಬಂದಾಗೆಲ್ಲಾ, ಎಲೆ ಹೊರೆ ಹೊತ್ತು ಅಪ್ಪ ಇದನ್ನ ಹೆಂಗೆ ತುಳೀತಿದ್ರು ಅಂತ ಮೊದಲನೇ ಸಲ ಅನ್ನಿಸ್ತು. ಮೈದಾನದಲ್ಲಿ ಸುತ್ತು ಹಾಕೋ ನಂಗೇ ಎದೆ ಬಡ್ಕೋತದೆ.

ಅಕ್ಕ ಒಬ್ಬಟ್ಟು ಮಾಡಿದ್ಲು. ಬೇಸಿಗೇಲಿ, ಯಾವ ಹಬ್ಬನೂ ಇಲ್ಲದೆ. ಆಗಲೇ ನಂಗೆ ಏನೋ ಇದೆ ಅನ್ನಿಸ್ತು. ಊಟ ಆದ ಮೇಲೆ ಬೀರುವಿನಿಂದ ರೇಷ್ಮೆ ಸೀರೆ ಮಡಿಕೆಯೊಳಗಿಂದ ಕ್ಯಾಸೆಟ್ ತೆಗೆದು ಹುಡುಗನ ಕೈಗೆ ಕೊಟ್ಟು, ನನ್ನ ಮುಖ ನೋಡದೆ ಅಡುಗೆಮನೆಗೆ ಹೋದ್ಲು. ಅವನು ಬೆಳಕಿಗೆ ಹಿಡಿದು ನೋಡಿ, "ದೊಡ್ಡತ್ತೆ, ಇದನ್ನ ಯಾರೋ ಕಟ್ ಮಾಡಿ ಸೆಲ್ಲೋಟೇಪ್ ಹಾಕಿದಾರೆ" ಅಂದ.

ಒಳಗೆ ಪಾತ್ರೆ ಸದ್ದು ನಿಂತೋಯ್ತು.

ಆದದ್ದು ಇಷ್ಟು. ಅಪ್ಪನ ಎದುರಿಗೆ ನಾನು ಕೇಳಿದ್ನಲ್ಲ, ಅದಕ್ಕೂ ಒಂದು ತಿಂಗಳು ಮುಂಚೆ ಅವ್ವನ ತಿಥಿ ದಿನ ಅಕ್ಕ ಒಬ್ಬಳೇ ಕೂತು ಕೇಳೋಕೆ ಹೋಗಿದಾಳೆ. ಮಿಷನ್ನು ಟೇಪನ್ನ ಒಳಗೆಳ್ಕೊಂಡು ಅಗಿದು ಹಾಕಿದೆ. ಎಳೆದು ಬಿಡಿಸೋಕೆ ಹೋಗಿ ಹರಿದಿದೆ. ಸುಕ್ಕಾದ ಭಾಗ ಕತ್ತರಿಸಿ, ಮಗನ ಸ್ಕೂಲ್ ಬ್ಯಾಗಲ್ಲಿದ್ದ ಸೆಲ್ಲೋಟೇಪ್ ಹಾಕಿ ಅಂಟಿಸಿ, ಮತ್ತೆ ಯಾವತ್ತೂ ಮಿಷನ್ನಿಗೆ ಹಾಕಿಲ್ಲ. ಕೊಟ್ರೆ ಗೊತ್ತಾಗ್ತದೆ ಅಂತ ಕೊಡಲಿಲ್ಲ. "ಅವ್ವನ ಗಂಟ್ಲು ನಾನೇ ಹಿಸುಕಿದೆ ಅನ್ನಿಸ್ಬುಡ್ತು ಕಣೆ" ಅಂದ್ಲು. ಅರವತ್ತು ವರ್ಷದ ಹೆಂಗಸು ಸೆರಗು ಬಾಯಿಗೆ ತುರುಕ್ಕೊಂಡು ಅತ್ತಳು. ಹದಿನೆಂಟು ವರ್ಷ ನಾನು ಅವಳು ಜಿಪುಣಿ, ಹಟಮಾರಿ ಅಂದ್ಕೊಂಡಿದ್ದೆ. ಎರಡು-ಮೂರು ಜನರ ಹತ್ತಿರ ಹೇಳ್ಕೊಂಡೂ ಇದ್ದೆ. ಅವರಲ್ಲಿ ಕೆಲವರು ಇದನ್ನ ಓದ್ತಿದೀರಿ. ಅದನ್ನ ಮರೆತುಬಿಡಿ ಅಂತ ಕೇಳೋಕೇ ಇದನ್ನೆಲ್ಲಾ ಬರೀತಿರೋದು.

ಭಾವ ಬಾಗಿಲಲ್ಲಿ ನಿಂತು, "ನಂಗೂ ಹೇಳಿರಲಿಲ್ಲ ನೋಡು" ಅಂದ್ರು.

ಕತ್ತರಿಸಿದ ತುಂಡನ್ನ ಅಕ್ಕ ಎಸೆದಿರಲಿಲ್ಲ. ಕುಂಕುಮದ ಡಬ್ಬೀಲಿ ಮಡಗಿದ್ಲು. ಹುಡುಗ ಅದನ್ನ ಬಿಡಿಸಿ ಅಳೆದ. ಸುಮಾರು ಎರಡು ಗೇಣು. ಅವನು ಲೆಕ್ಕ ಹೇಳಿದ. ಕ್ಯಾಸೆಟ್ ಟೇಪು ಸೆಕೆಂಡಿಗೆ ಐದು ಸೆಂಟಿಮೀಟರಿಗೆ ವಸಿ ಕಮ್ಮಿ ಓಡ್ತದಂತೆ. "ಅಂದ್ರೆ ಹೋಗಿರೋದು ಒಂಬತ್ತು-ಹತ್ತು ಸೆಕೆಂಡು ದೊಡ್ಡತ್ತೆ, ಅಷ್ಟೇ." ಅಕ್ಕ ನಂಬಲಿಲ್ಲ. ಮತ್ತೊಂದ್ಸಲ ಹೇಳಿಸಿದ್ಲು.

ಆಮೇಲೆ ಅವನ ಕೆಲಸ ನೋಡಬೇಕಿತ್ತು, ಆಪರೇಷನ್ ಥಿಯೇಟರಿನಂಗೆ. ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿದ. ಒಳಗೆ ಟೇಪನ್ನ ಹೆಡ್ಡಿಗೆ ಒತ್ತೋಕೆ ಒಂದು ಪುಟ್ಟ ಉಣ್ಣೆ ತುಂಡು ಇರ್ತದೆ, ಅದು ಅಂಟು ಬಿಟ್ಟು ಉದುರಿತ್ತು. ಅದಿಲ್ಲದಿದ್ರೆ ಸದ್ದು ನೀರಲ್ಲಿ ಮುಳುಗಿದಂಗೆ ಬರೋದಂತೆ. ಬೇರೆ ಕ್ಯಾಸೆಟ್ಟಿನ ಹೊರಕವಚ ತಂದಿದ್ದ. ಎರಡು ಸುರುಳಿನೂ ಹಂಗೇ ಎತ್ತಿ ಅದಕ್ಕೆ ಕೂರಿಸಿದ. ಸೆಲ್ಲೋಟೇಪಿನ ಅಂಟು ಪಸರಿಸಿತ್ತು. ಅದನ್ನ ಕಿತ್ತು ಬೇರೆ ಸರಿಯಾದ ಟೇಪಲ್ಲಿ ಅಂಟಿಸಿದ. ವಾಕ್‌ಮನ್ನಿನ ಹೆಡ್ಡನ್ನ ಸ್ಪಿರಿಟ್ಟಲ್ಲಿ ಹತ್ತಿ ಅದ್ದಿ ಒರೆಸಿದ. ಒಂದು ವೈರು ವಾಕ್‌ಮನ್ನಿನಿಂದ ಲ್ಯಾಪ್‌ಟಾಪಿಗೆ. ಅದರಲ್ಲಿ ಅಡಾಸಿಟಿ ಅಂತ ದುಡ್ಡು ಕೊಡದೆ ಸಿಗೋ ಒಂದು ಸಾಫ್ಟ್‌ವೇರು. ಮೂವತ್ತು ನಿಮಿಷದ ಟೇಪಿಗೆ ಮೂವತ್ತು ನಿಮಿಷವೇ ಬೇಕು, ಅವಸರ ಮಾಡೋಕಾಗಲ್ಲ. ಅಕ್ಕ ದೇವರ ಮುಂದೆ ದೀಪ ಹಚ್ಚಿ ಬಂದು ಕೂತ್ಲು.

ಮೊದಲು ಬರೀ ಗರ್ ಗರ್. ಬೀಸೋ ಕಲ್ಲು. ಆಮೇಲೆ ಅವ್ವ.

ಆದ್ರೆ ಅವ್ವ ಅಲ್ಲ. ಧ್ವನಿ ಸಣ್ಣ, ಹತ್ತು ವರ್ಷದ ಹುಡುಗಿದು. ಪದ ಓಡ್ತಿದೆ, ಯಾರೋ ಅಟ್ಟಿಸ್ಕೊಂಡು ಬಂದಂಗೆ. ಅಕ್ಕ ಕಣ್ಣು ಮುಚ್ಚಿ "ಅವ್ವ, ಅವ್ವ" ಅಂತಿದಾಳೆ. ನಂಗೆ ಮೈಯೆಲ್ಲಾ ತಣ್ಣಗಾಯ್ತು. ಇದಕ್ಕಾ ನಾನು ಇಷ್ಟು ವರ್ಷ ಹಂಬಲಿಸಿದ್ದು? ಹತ್ತು-ಹನ್ನೊಂದು ನಿಮಿಷ ಹಂಗೇ ಹೋಯ್ತು. ಕೊನೇಲಿ ಹಾಡು ನಿಲ್ಲಿಸಿ ಮಾತಾಡ್ತಾಳೆ. "ಸಾಕು ನಿಲ್ಸೆ, ಬ್ಯಾಟ್ರಿ ಮುಗ್ದೋಯ್ತದೆ, ಅಳಿದೇವ್ರು ಏನಂದ್ಕೊಂಡಾರು." ನಾನು ಏನೋ ನಗ್ತೀನಿ. ಆಚೆ ಟ್ರಿಣ್, ಟ್ರಿಣ್. "ನಿಮ್ಮಪ್ಪಯ್ಯ ಬಂದ್ರು, ನೀರ್ ಕೊಡೋಗು." ಟಕ್. ಮುಗೀತು.

"ಅವ್ವನ ಧ್ವನಿ ಹಿಂಗಿರಲಿಲ್ಲ" ಅಂದೆ.

"ಹಿಂಗೇ ಇತ್ತು" ಅಂದ್ಲು ಅಕ್ಕ. "ನಿಂಗೆ ಮರ್ತೋಗದೆ."

"ಜೊತೇಲಿ ಹಾಡ್ತಿದ್ದೋಳು ನಾನು."

"ಹೆತ್ತೋಳ ದನಿ ಗೊತ್ತಿಲ್ದಿರೋಕೆ ನಾನೇನು ಬೇರೆಯೋಳಾ?"

ಈಗತಾನೆ ಅತ್ತು ಸಮಾಧಾನ ಆಗಿದ್ದ ಇಬ್ಬರೂ ಮತ್ತೆ ಶುರು. ನಾನು ಫೋನ್ ತೆಗೆದು ತಂಬೂರಿ ಆಪ್ ಹಾಕಿ ಒಂದೊಂದೇ ಮನೆ ಹೊಂದಿಸಿ ನೋಡಿದೆ. ಆರು ಮನೆಗೆ ಸರಿಯಾಗಿ ಕೂರ್ತು. "ನೋಡು, ಆರು! ನಂಗೆ ಆರಕ್ಕೆ ಹಾಡೋಕೇ ಆಗಲ್ಲ, ಅವ್ವನ ಜೊತೆ ದಿನಾ ಹೆಂಗೆ ಹಾಡ್ತಿದ್ದೆ?" ಅಂದೆ. "ಆವಾಗ ನಿಂಗೆ ಹದಿನೆಂಟು ವರ್ಷ, ಈವಾಗ ಐವತ್ತೈದು" ಅಂದ್ಲು. ಮಾತೇನೋ ಸರಿಯೇ.

ಹುಡುಗ ಸುಮ್ಮನೆ ಕೊನೇ ಮಾತನ್ನ ತಿರುಗಿಸಿ ತಿರುಗಿಸಿ ಕೇಳ್ತಿದ್ದ. "ಬ್ಯಾಟ್ರಿ ಮುಗ್ದೋಯ್ತದೆ ಅಂತಿದಾರಲ್ಲ ಅಜ್ಜಿ. ಸೆಲ್ಲು ವೀಕಾಗಿದ್ರೆ ರೆಕಾರ್ಡ್ ಮಾಡುವಾಗ ಟೇಪು ನಿಧಾನಕ್ಕೆ ಓಡಿರುತ್ತೆ. ಈಗ ಸರಿಯಾದ ಸ್ಪೀಡಲ್ಲಿ ಹಾಕಿದ್ರೆ ಜೋರಾಗಿ ಓಡಿದಂಗಾಗುತ್ತೆ, ಧ್ವನಿ ಸಣ್ಣ ಆಗುತ್ತೆ. ಸಣ್ಣತ್ತೆ ಹೇಳಿದ್ದೇ ಸರಿ ಇರಬೌದು. ಆದ್ರೆ ಎಷ್ಟು ನಿಧಾನ ಮಾಡ್ಬೇಕು ಅಂತ ಹೆಂಗೆ ಗೊತ್ತಾಗ್ಬೇಕು? ಆವಾಗ ಇದ್ದ ಯಾವುದಾದ್ರೂ ಸದ್ದು ಈಗ್ಲೂ ಹಂಗೇ ಇರೋದು ಬೇಕು."

ಮೊಮ್ಮಗಳು ನೆಲದ ಮೇಲೆ ಮಲಗಿ ಒಬ್ಬಟ್ಟು ತಿಂತಿದ್ಲು. "ಅದು ನಮ್ ಸೈಕಲ್ ಬೆಲ್ಲು" ಅಂದ್ಲು, ತಲೆ ಎತ್ತದೆ.

ಯಾರೂ ಎರಡು ನಿಮಿಷ ಮಾತಾಡಲಿಲ್ಲ.

ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು ಅಂತ ಮಗೂನ ಗುಡಿಗೆ ಕರ್ಕೊಂಡು ಹೋದೆ. 2023ರಲ್ಲಿ ಯುನೆಸ್ಕೋದವರು ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಪಟ್ಟಿಗೆ ಸೇರಿಸಿದ ಮೇಲೆ ಫೋಟೋ ತೆಗೆಯೋರ ಕಾಟ ಇನ್ನೂ ಜಾಸ್ತಿ. ಕನ್ನಡಿ ಹಿಡಿದ ಮದನಿಕೆ ಮುಂದೆ ಕ್ಯೂ. ಗೈಡು ಯಾರಿಗೋ ಹೇಳ್ತಿದ್ದ, ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿದ್ದಂಗೆಲ್ಲಾ ಗಟ್ಟಿ ಆಗುತ್ತೆ ಅಂತ. ಕೆತ್ತಿದವರು ತಮ್ಮ ಹೆಸರನ್ನೂ ಕೆಳಗೆ ಕೆತ್ತಿದಾರೆ, ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಶಾಂತಲಾ ರಾಣಿ ಹಾಡೋದು, ಕುಣಿಯೋದು ಎಲ್ಲಾ ಬಲ್ಲವಳಾಗಿದ್ಲು ಅನ್ನೋದೂ ಶಾಸನದಲ್ಲಿದೆ. ಬೀಸೋ ಪದ ಕಟ್ಟಿದ ಹೆಂಗಸರ ಹೆಸರು ಎಲ್ಲಿದೆ? ನಮ್ಮ ಹಾಸನ ಜಿಲ್ಲೆಯವರೇ ಗೊರೂರು ರಾಮಸ್ವಾಮಿ ಅಯ್ಯಂಗಾರ್ರು ಹಳ್ಳಿ ಹಾಡು ಬರ್ಕೊಂಡು ಪುಸ್ತಕ ಮಾಡಿದ್ರು. ಎಚ್.ಎಲ್. ನಾಗೇಗೌಡ್ರು ಟೇಪ್ ರೆಕಾರ್ಡರ್ ಹಿಡ್ಕೊಂಡು ಊರೂರು ಸುತ್ತಿದ್ರು, ರಾಮನಗರದ ಜಾನಪದ ಲೋಕದಲ್ಲಿ ಅದೆಲ್ಲಾ ಇದೆ. ನಮ್ಮೂರಿಗೆ ಮಾತ್ರ ಯಾರೂ ಬರಲಿಲ್ಲ, ಅಳಿದೇವ್ರ ಡಬ್ಬ ಒಂದು ಬಂತು. ಮಗು ಕೈ ಎಳೆದು "ಅಜ್ಜಿ, ಬಾ, ಬೆಲ್ ಹೊಡೀಬೇಕು" ಅಂದ್ಲು.

ಹುಡುಗ ಅಕ್ಕನ ಮನೇಲೇ ಉಳ್ಕೊಂಡ. ನಾವಿಬ್ಬರೂ ರಾತ್ರಿ ಅರಸೀಕೆರೆ ಮುಟ್ಟಿ, ಕಾಲು ಕೂಡ ತೊಳೀದೆ ಕೊಟ್ಟಿಗೆ ದೀಪ ಹಾಕಿದ್ವಿ. ಬೆಲ್ಲಿನ ಬಟ್ಟಲಿಗೆ ಕೈ ತಾಗಬಾರದು, ತಾಗಿದ್ರೆ ನಾದ ಸತ್ತೋಗುತ್ತೆ ಅಂತ ಅವನು ಹೇಳಿ ಕಳಿಸಿದ್ದ. ಮಗು ಫೋನ್ ಹಿಡ್ಕೊಂಡ್ಲು, ನಾನು ಒತ್ತಿದೆ. ಟ್ರಿಣ್. ಟ್ರಿಣ್. ಹತ್ತು ಸಲ. ನಮ್ಮನೆಯವರು ಟಾರ್ಚ್ ಹಿಡ್ಕೊಂಡು ಕಳ್ಳ ಬಂದ ಅಂತ ಬಂದ್ರು. ವಾಟ್ಸಾಪಲ್ಲಿ ಕಳಿಸಿದ್ವಿ.

ಅವನು ಎರಡನ್ನೂ ಲ್ಯಾಪ್‌ಟಾಪಿಗೆ ಹಾಕಿ ಅಳೆದನಂತೆ. ಸದ್ದಿನ ಚಿತ್ರ ಗುಡ್ಡಸಾಲಿನಂಗೆ ಬರುತ್ತೆ. ಅತಿ ಎತ್ತರದ ಗುಡ್ಡ ನಮ್ಮ ಬೆಲ್ಲಿಗೆ 2,210ರ ಹತ್ತಿರ, ಕ್ಯಾಸೆಟ್ಟಿನ ಬೆಲ್ಲಿಗೆ 2,470. "ತುಕ್ಕು ಹಿಡಿದಿರೋದ್ರಿಂದ ವಸಿ ಹೆಚ್ಚುಕಮ್ಮಿ ಇರಬೌದು ಅತ್ತೆ, ಆದ್ರೆ ಹತ್ತಿರ ಹತ್ತಿರ ನೂರಕ್ಕೆ ಹನ್ನೊಂದು ಭಾಗ ನಿಧಾನ ಮಾಡ್ಬೇಕು. ನಿಮ್ ಲೆಕ್ಕದಲ್ಲಿ ಒಂದು ಮನೆ ಕೆಳಗೆ."

ಆರರಿಂದ ಐದಕ್ಕೆ.

ರಾತ್ರಿ ಹನ್ನೊಂದು ಗಂಟೆಗೆ ಬಂತು. ಮಗು ಮಲಗಿದ್ಲು. ನಾನು ಅಡುಗೆಮನೇಲಿ ನಿಂತು ಕೇಳಿದೆ. ಕಲ್ಲು ನಿಧಾನಕ್ಕೆ ತಿರುಗ್ತಿತ್ತು, ಗರ್... ಗರ್... ಹುರಿದ ರಾಗಿ ವಾಸನೆ ಬಂದಂಗಾಯ್ತು. ಆ ಎಳೆತ, ಪದದ ಕೊನೇಲಿ ಉಸಿರು ಬಿಡೋ ರೀತಿ, ಸ್ವಲ್ಪ ಗೊಗ್ಗರು, ನಡುವೆ ಸೆರಗಲ್ಲಿ ಮುಖ ಒರೆಸ್ಕೊಳ್ಳೋವಾಗ ಒಂದು ಅಕ್ಷರ ನುಂಗೋದು. ನಾನು ಜೊತೇಲಿ ಹಾಡಿದೆ. ಗಂಟಲು ಎಲ್ಲೂ ಸಿಕ್ಕಾಕ್ಕೊಳ್ಳಲಿಲ್ಲ. ಮಧ್ಯೆ ಒಂದು ಕಡೆ ಪದ ತಟ್ಟಂತ ಹಾರುತ್ತೆ, ಅಕ್ಕನ ಎರಡು ಗೇಣು ಅಲ್ಲಿ. ಅಲ್ಲಿ ನಂಗೆ ಸಾಲು ಬಾಯಿಗೆ ಬಂತು. ಟೇಪಲ್ಲಿ ಇಲ್ಲದ್ದನ್ನ ನಾನೇ ಹಾಡಿಬಿಟ್ಟೆ.

ಫೋನು ಬಡ್ಕೊಂತು. ಅಕ್ಕ.

"ಕೇಳ್ದಾ?"

"ಹೂಂ."

"ನೀ ಹೇಳಿದ್ದೇ ಸರಿ" ಅಂದ್ಲು. ಅಕ್ಕ ಹಂಗೆ ಹೇಳಿದ್ದು ನನ್ನ ಜನ್ಮದಲ್ಲಿ ಮೊದಲು. ನಾನು ತುಂಡಾದ ಸಾಲನ್ನ ಅವಳಿಗೆ ಹೇಳಿದೆ. ಅವಳು ಇನ್ನೊಂದ್ಸಲ ಹೇಳಿಸ್ಕೊಂಡು ಬರ್ಕೊಂಡ್ಲು. ಡಬ್ಬೀಲಿರೋ ತುಂಡನ್ನೂ ದಸರಾ ರಜದಲ್ಲಿ ಬಂದು ಬಿಸಿ ತಾಗಿಸದೆ ಚಪ್ಪಟೆ ಮಾಡಿ ಸೇರಿಸೋಕೆ ನೋಡ್ತೀನಿ ಅಂದಿದಾನೆ ಹುಡುಗ. ಬಂದ್ರೆ ಬರಲಿ.

ಆಮೇಲಿಂದ ದಿನಾ ಬೆಳಿಗ್ಗೆ ಸೈಕಲ್ಲು, ಮಧ್ಯಾಹ್ನ ಅಕ್ಕನೂ ನಾನೂ ಫೋನಲ್ಲಿ ಪದ ನೆನಪು ಮಾಡ್ಕೊಳ್ಳೋದು. ಒಬ್ಬಳು ಬಿಟ್ಟಿದ್ದನ್ನ ಇನ್ನೊಬ್ಬಳು ಎತ್ಕೊಳ್ಳೋದು, ಮಗು ನನ್ನ ಫೋನಿಗೆ ಹೇಳಿ ಹೇಳಿ ಬರೆಸೋದು. ಫೋನು "ಸೋಬಾನೆ" ಅಂದ್ರೆ "ಸೋಮಣ್ಣ" ಅಂತ ಬರೀತಿತ್ತು. ಹದಿನೇಳು ಪದ ಆಗಿದೆ. ಸಂಡಿಗೆ ಹಾಕೋ ಹೊತ್ತೆಲ್ಲಾ ಇದಕ್ಕೇ ಹೋಯ್ತು. ಮಳೆಗಾಲದಲ್ಲಿ ನಿಮ್ಮನ್ನೇ ಕೇಳ್ತೀನಿ, ಒಂದೊಂದು ಹಿಡಿ ಕೊಡಿ.

ಮೊನ್ನೆ ಅಕ್ಕ ಫೋನ್ ಮಾಡಿ, ಅದೂ ಇದೂ ಮಾತಾಡಿ, ಇಡೋ ಮುಂಚೆ ಅಂದ್ಲು. "ಲೇ, ಆ ಬೆಲ್ಲನ್ನ ನಂಗೆ ಕೊಟ್ಬುಡೆ. ಅಪ್ಪಂದು ಅಂತ ನನ್ ಹತ್ರ ಏನೂ ಇಲ್ಲ."

"ನೋಡಾನ" ಅಂದೆ. ಆವಾಗಿಂದ ಎರಡು ಸಲ ಕೇಳಿದಾಳೆ. ಎಲ್ಲಿ ಮಡಗಿದೀನೋ ಗ್ಯಾನ ಇಲ್ಲ ಅನ್ನೋಣ ಅಂದ್ರೆ, ದಿನಾ ಬೆಳಿಗ್ಗೆ ಅದನ್ನ ಹೊಡ್ಕೊಂಡು ಹಾಲು ತರೋಕೆ ಹೋಗೋದನ್ನ ಬೀದಿಯೆಲ್ಲಾ ನೋಡದೆ.